ಎರಡನೆಯ ವಾಚನ ಮತ್ತು ಜೋಳದ ರೊಟ್ಟಿ

ಬೈಬಲ್ ಓದುವ ವಿಷಯದಲ್ಲಿ ನನ್ನಷ್ಟು ಉದಾರಿ ಇನ್ನೊಬ್ಬನಿಲ್ಲ. ಅದರಲ್ಲಿರುವ ಬುದ್ಧಿಮಾತುಗಳನ್ನು ನಾನು ಎಂದೂ ನನಗಾಗಿ ಇಟ್ಟುಕೊಂಡವನಲ್ಲ. ಓದಿದ ಕೂಡಲೇ ಇದು ಯಾರಿಗೆ ಸರಿಹೊಂದುತ್ತದೆ ಎಂದು ಯೋಚಿಸಿ, ಸಾಧ್ಯವಾದರೆ ಅದೇ ದಿನ ಅವರಿಗೆ ಮುಟ್ಟಿಸಿಬಿಡುತ್ತೇನೆ. ಜಂಬ ಬೇಡವೆಂಬ ಮಾತು ಬಂದರೆ ಅದು ನೇರವಾಗಿ ಗದಗದಲ್ಲಿರುವ ನನ್ನ ಷಡ್ಡಕನಿಗೆ ಹೋಗುತ್ತದೆ. ನಾಲಿಗೆ ಹಿಡಿತದಲ್ಲಿರಲಿ ಎಂಬುದು ನಾದಿನಿಗೆ. ಇದ್ದುದರಲ್ಲಿ ಹಂಚಿ ತಿನ್ನಿ ಎಂಬುದು ನಮ್ಮ ಓಣಿಯ ನಲ್ಲಿಗೆ ಮೋಟರು ಹಚ್ಚಿ ಎಲ್ಲರ ಪಾಲಿನ ನೀರನ್ನೂ ಎಳೆದುಕೊಳ್ಳುವ ಆ ಮೂಲೆಮನೆಯವರಿಗೆ. ಹೀಗೆ ಹಂಚುತ್ತ ಹಂಚುತ್ತ ಕೊನೆಗೆ ನನ್ನ ಪಾಲಿಗೆ ಉಳಿಯುವುದು 'ನೀನು ದೇವರಿಗೆ ಪ್ರಿಯನು' ಎಂಬಂಥ ಒಂದೆರಡು ಮಾತು ಮಾತ್ರ. ಅಷ್ಟರಲ್ಲೇ ತೃಪ್ತನಾಗಿ ಬದುಕಿದವನು ನಾನು.

ನಾವು ಕಥೋಲಿಕರು ಬೈಬಲ್ ಓದುವುದೇ ಇಲ್ಲ ಎಂದು ಬೇರೆ ಸಭೆಯ ಕ್ರೈಸ್ತರು ಆಡಿಕೊಳ್ಳುತ್ತಾರೆ. ಇದು ಅನ್ಯಾಯ. ಓದುವುದಿಲ್ಲವೆಂಬುದು ಖರೆ ಇರಬಹುದು, ಆದರೆ ನಾವು ಕೊಡುವಷ್ಟು ಮರ್ಯಾದೆಯನ್ನು ಅದಕ್ಕೆ ಯಾರೂ ಕೊಡುವುದಿಲ್ಲ. ನಮ್ಮ ಮನೆಯಲ್ಲಿ ಅದಕ್ಕೊಂದು ಕಟ್ಟಿಗೆಯ ಪೀಠ, ಪೀಠಕ್ಕೊಂದು ಕಸೂತಿಯ ಬಟ್ಟೆ, ಹಬ್ಬಕ್ಕೊಂದು ಸೇವಂತಿಗೆ ಮಾಲೆ. ಮಗಳ ದೀಕ್ಷಾಸ್ನಾನದ ಸರ್ಟಿಫಿಕೇಟು, ಗರಿಗಳ ಭಾನುವಾರದ ಒಣಗಿದ ಗರಿ, ಗ್ಯಾಸಿನ ಪುಸ್ತಕ, ಎಲ್ಲವೂ ಅದರೊಳಗೆ ಭದ್ರ. ಹೀಗಿರುವಾಗ ಓದುವುದಕ್ಕೆಂದು ತೆರೆದರೆ ಯಾವುದಾದರೊಂದು ಕಾಗದ ಕೆಳಗೆ ಬಿದ್ದು ಕಳೆದುಹೋಗುವ ಭಯ. ಆದ್ದರಿಂದಲೇ ತೆರೆಯುತ್ತಿರಲಿಲ್ಲ; ಆಗ ನಾನು ಹಂಚುತ್ತಿದ್ದ ಬುದ್ಧಿಮಾತೆಲ್ಲ ಚರ್ಚಿನಲ್ಲಿ ಕಿವಿಗೆ ಬಿದ್ದದ್ದು.

ನನ್ನ ಈ ನೆಮ್ಮದಿಯನ್ನು ಕೆಡಿಸಿದವನು ಲಕಮನಹಳ್ಳಿಯ ಕಾರ್ಖಾನೆಯಲ್ಲಿ ನನ್ನ ಜೊತೆ ಸ್ಟೋರ್ಸಿನಲ್ಲಿದ್ದ ಸ್ಯಾಮುವೆಲ್. ಅವನು ಪ್ರಾಟೆಸ್ಟೆಂಟ್. ಬುತ್ತಿ ಬಿಚ್ಚುವ ಹೊತ್ತಿಗೆ ಅಧ್ಯಾಯ, ವಚನಗಳ ನಂಬರು ಸಮೇತ ಬೈಬಲನ್ನು ಉದುರಿಸುತ್ತಿದ್ದ. 'ಇದು ನಿಮ್ಮಲ್ಲೂ ಐತಲ್ಲ?' ಎಂದು ನನ್ನ ಕಡೆ ನೋಡುತ್ತಿದ್ದ. 'ಐತಿ, ಐತಿ' ಎಂದು ನಾನು ಬದನೆಕಾಯಿ ಪಲ್ಯದಲ್ಲಿ ಮುಖ ಮರೆಸಿಕೊಳ್ಳುತ್ತಿದ್ದೆ. ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ನಾನು ಮಾಡಿದ ಮೊದಲ ಕೆಲಸವೆಂದರೆ, ನಮ್ಮ ಧರ್ಮಕೇಂದ್ರದಲ್ಲಿ ನಡೆದ ಮೂರು ದಿನಗಳ ಬೈಬಲ್ ಶಿಬಿರಕ್ಕೆ ಹೆಸರು ಕೊಟ್ಟದ್ದು. ಕೊನೆಗೆ ಸರ್ಟಿಫಿಕೇಟು ಕೊಟ್ಟರು. ಅದನ್ನು ಲ್ಯಾಮಿನೇಶನ್ ಮಾಡಿಸಿ ಯೇಸುಸ್ವಾಮಿಯ ಪವಿತ್ರ ಹೃದಯದ ಪಟದ ಪಕ್ಕದಲ್ಲೇ ತೂಗುಹಾಕಿದೆ. ಪಟಕ್ಕಿಂತ ಒಂದು ಬೆರಳು ಕೆಳಗೆ, ವಿನಯಕ್ಕಾಗಿ.

ಶಿಬಿರದಲ್ಲಿ ಪಾಠ ಹೇಳಿದವರು ಒಬ್ಬ ಸಿಸ್ಟರ್. ಬಹಳ ಚೆನ್ನಾಗಿ ಹೇಳಿದರು. ಒಂದು ಮಾತನ್ನು ಕಿತ್ತುಕೊಂಡು ಓಡಬೇಡಿ, ಹಿಂದೇನಿದೆ ಮುಂದೇನಿದೆ ನೋಡಿ. ಯಾರು, ಯಾರಿಗೆ, ಯಾವ ಕಾಲದಲ್ಲಿ, ಯಾತಕ್ಕೆ ಬರೆದರು ಎಂದು ಕೇಳಿ. ಕವಿತೆಯನ್ನು ಕವಿತೆಯಾಗಿ ಓದಿ, ಕತೆಯನ್ನು ಕತೆಯಾಗಿ, ಪತ್ರವನ್ನು ಪತ್ರವಾಗಿ ಓದಿ. ಒಬ್ಬರೇ ಮೂಲೆಯಲ್ಲಿ ಕುಳಿತು ಅರ್ಥ ಹೊಸೆಯಬೇಡಿ, ಧರ್ಮಸಭೆ ಇಷ್ಟು ಕಾಲದಿಂದ ಹೇಗೆ ಓದಿಕೊಂಡು ಬಂದಿದೆ ಎಂಬುದಕ್ಕೂ ಕಿವಿಗೊಡಿ. ಇಷ್ಟನ್ನೂ ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಕೊನೆಯ ದಿನ ಚಹಾದ ನಂತರ 'ಈ ಮಾತು ನನಗೆ ಏನು ಹೇಳುತ್ತಿದೆ?' ಎಂಬ ಪಾಠವಿತ್ತಂತೆ. ಚಹಾದ ಜೊತೆ ಬಿಸಿ ಮಿರ್ಚಿ ಭಜಿ ಕೊಡುತ್ತಿದ್ದರು. ಎರಡನೆಯ ಸಲ ಸಾಲಿನಲ್ಲಿ ನಿಂತಿದ್ದೆನಾದ್ದರಿಂದ ಆ ಪಾಠವೊಂದು ತಪ್ಪಿತು.

ಮಿಕ್ಕ ಪಾಠಗಳು ಮಾತ್ರ ನನ್ನ ಕೈಗೆ ಒಳ್ಳೆಯ ಸಲಕರಣೆಗಳಾಗಿ ಸಿಕ್ಕವು. ನನಗೆ ಚುಚ್ಚುವ ಮಾತು ಬಂದಾಗ 'ಹಿನ್ನೆಲೆ' ಎಂಬುದನ್ನು ಹೊರತೆಗೆಯುತ್ತಿದ್ದೆ. ಎರಡು ಅಂಗಿ ಇದ್ದವನು ಒಂದನ್ನು ಇಲ್ಲದವನಿಗೆ ಕೊಡಲಿ ಎಂದರೆ, ಅದು ಮರಳುಗಾಡಿನ ಚಳಿಯ ಹಿನ್ನೆಲೆಯಲ್ಲಿ ಹೇಳಿದ್ದು, ಧಾರವಾಡದ ಹವಾಮಾನವೇ ಬೇರೆ. ಉಪವಾಸ ಮಾಡುವಾಗ ಮುಖ ಬಾಡಿಸಿಕೊಳ್ಳಬೇಡಿ ಎಂದರೆ, ನಾನು ಉಪವಾಸ ಮಾಡುವುದೇ ಇಲ್ಲ, ಮುಖ ಬಾಡುವ ಪ್ರಶ್ನೆಯೇ ಬರುವುದಿಲ್ಲ. ಇನ್ನೊಬ್ಬರಿಗೆ ಚುಚ್ಚುವ ಮಾತು ಬಂದಾಗ ಮಾತ್ರ ಹಿನ್ನೆಲೆಯ ಗೊಡವೆಗೆ ಹೋಗದೆ ಅಕ್ಷರಕ್ಷರವನ್ನೂ ಹಿಡಿಯುತ್ತಿದ್ದೆ. ನಮ್ಮ ವಾರ್ಡಿನ ಪ್ರಾರ್ಥನಾಕೂಟದ ರಾಯಪ್ಪ ಎಂಬವನಿಗೆ, ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಟ್ಟಲ್ಲಿ ಏನಿದೆಯೋ ಅದೇ ದೇವರ ಅಪ್ಪಣೆ ಎಂಬ ನಂಬಿಕೆ. ಬೈಕು ಕೊಳ್ಳಬೇಕೋ ಬೇಡವೋ ಎಂದು ಬೆರಳಿಟ್ಟಾಗ ಫರೋಹನ ರಥಗಳು ಸಮುದ್ರದಲ್ಲಿ ಮುಳುಗಿದ ಕತೆ ಬಂತಂತೆ. ಬೈಕು ಬಿಟ್ಟು ಸ್ಕೂಟರ್ ಕೊಂಡ. ಸ್ಕೂಟರು ರಥದ ಹಾಗೆ ಕಾಣುವುದಿಲ್ಲವೆಂಬುದು ಅವನ ವಾದ. 'ಹಂಗ ಓದಬಾರದೋ ರಾಯಪ್ಪ, ಪೂರ್ತಿ ಓದಬೇಕು, ಹಿಂದ ಮುಂದ ನೋಡಬೇಕು' ಎಂದು ನಾನು ಅವನಿಗೆ ಎಲ್ಲರೆದುರು ಉಪದೇಶ ಮಾಡಿದ್ದೆ. ಅವನು ತಲೆಯಾಡಿಸಿದ್ದ. ಹೊರಗೆ ಮಳೆ ಬರುತ್ತಿತ್ತು, ನಾನು ಮನೆಗೆ ಬಂದದ್ದು ಅವನ ಸ್ಕೂಟರಿನ ಮೇಲೆಯೇ.

ಇನ್ನು ಮನೆಯ ಸಂಗತಿಗೆ ಬರುತ್ತೇನೆ. ನನ್ನ ಹೆಂಡತಿ ರೀಟಾ, ಧಾರವಾಡದ ಒಂದು ಪ್ರೌಢಶಾಲೆಯಲ್ಲಿ ಗಣಿತದ ಶಿಕ್ಷಕಿ. ಓಣಿಯಲ್ಲಿ ಆಕೆ 'ರೀಟಾ ಅಕ್ಕೋರು', ನಾನು 'ಅಕ್ಕೋರ ಮನೆಯವರು'. ಮದುವೆಯಾಗಿ ಇಪ್ಪತ್ತೇಳು ವರ್ಷ. ಈ ಇಪ್ಪತ್ತೇಳು ವರ್ಷವೂ ಆಕೆ ಬೆಳಿಗ್ಗೆ ಎದ್ದು ರೊಟ್ಟಿ ಬಡಿದು, ಪಲ್ಯ ಮಾಡಿ, ಡಬ್ಬಿ ಕಟ್ಟಿ, ಆಮೇಲೆ ಶಾಲೆಗೆ ಹೋಗುವುದು. ನಾನು ರೊಟ್ಟಿಯ ಸಪ್ಪಳಕ್ಕೆ ಏಳುವುದು. ಆ ಪಟಪಟ ಸಪ್ಪಳ ನನಗೆ ಚರ್ಚಿನ ಗಂಟೆಗಿಂತ ಹೆಚ್ಚು ಪವಿತ್ರವಾದದ್ದು. ನಿವೃತ್ತನಾದ ಮೇಲೆಯೂ ಈ ವ್ಯವಸ್ಥೆಯಲ್ಲಿ ಏನೂ ಬದಲಾಗಲಿಲ್ಲ. ಮೊದಲು ರೊಟ್ಟಿಯನ್ನು ಡಬ್ಬಿಯಲ್ಲಿ ಒಯ್ಯುತ್ತಿದ್ದೆ, ಈಗ ತಾಟಿನಲ್ಲಿ ತಿನ್ನುತ್ತಿದ್ದೆ, ಅಷ್ಟೇ ವ್ಯತ್ಯಾಸ.

ಕಳೆದ ಆಗಸ್ಟಿನಲ್ಲಿ ಒಂದು ದಿನ ರೀಟಾ ಶಾಲೆಯಿಂದ ಬಂದು, ಚಪ್ಪಲಿಯನ್ನೂ ಬಿಡದೆ ಹೇಳಿದಳು:

"ಏನ್ರಿ, ಹುಬ್ಬಳ್ಳ್ಯಾಗ ನಮ್ಮ ಸಂಸ್ಥಾದ ಸಾಲಿ ಐತಲ್ಲ, ಅಲ್ಲಿಗೆ ನನ್ನ ಹೆಡ್‌ಮಿಸ್ಟ್ರೆಸ್ ಮಾಡತೇವಿ ಅಂದಾರ."

ಹೇಳುವಾಗ ಆಕೆಯ ಮುಖ ಹೇಗಿತ್ತೆಂದರೆ, ಮಗಳು ಹುಟ್ಟಿದಾಗ ಬಿಟ್ಟರೆ ಮತ್ತೆಂದೂ ನಾನು ಆ ಮುಖ ನೋಡಿರಲಿಲ್ಲ. ಈಗ ನೆನೆದರೆ ಅದು ನೆನಪಾಗುತ್ತದೆ. ಆ ಹೊತ್ತಿಗೆ ನನಗೆ ಕಂಡದ್ದು ಬೇರೆ. ಹುಬ್ಬಳ್ಳಿ ಶಾಲೆ ಎಂದರೆ ಬೆಳಿಗ್ಗೆ ಏಳಕ್ಕೆ ಆಕೆ ಬಸ್ಸಿನಲ್ಲಿರಬೇಕು. ಏಳಕ್ಕೆ ಬಸ್ಸಿನಲ್ಲಿರಬೇಕೆಂದರೆ ಆರೂವರೆಗೆ ಮನೆ ಬಿಡಬೇಕು. ಹಾಗಾದರೆ ರೊಟ್ಟಿ?

"ಛಲೋ ಆತು," ಎಂದೆ. "ಆದ್ರ ದೂರ ಆಕ್ಕೈತಲ್ಲ."

"ಚಿಗರಿ ಬಸ್ಸಿನ್ಯಾಗ ಕುಂತ್ರ ಮುಕ್ಕಾಲು ತಾಸು. ದೂರೇನ್ರಿ ಅದು?"

"ನಿನ್ನ ಮೊಣಕಾಲು?"

"ಮೊಣಕಾಲು ಬಸ್ಸಿನ್ಯಾಗೂ ಕುಂತಿರತೈತಿ, ನನ್ನ ಕೂಡನ."

"ಹುಬ್ಬಳ್ಳಿ ಧೂಳು..."

"ಇಲ್ಲೇನು ಗುಲಾಬಿ ನೀರು ಸುರೀತೈತೇನ್ರಿ?" ಎಂದು ಅಡುಗೆಮನೆಗೆ ಹೋದವಳು, ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದಳು: "ಸೋಮವಾರ ಮುಂಜಾನಿ ಬರದು ಕೊಡಬೇಕಂತ. ಒಪ್ಪಿಗಿನೋ, ಒಲ್ಲೆನೋ. ನೀವೂ ಒಂದೀಟು ವಿಚಾರ ಮಾಡ್ರಿ."

ನಾನು ವಿಚಾರ ಮಾಡಿದೆ. ರೊಟ್ಟಿಯ ವಿಚಾರವನ್ನೇ ಮಾಡಿದೆ. ಆದರೆ ರೊಟ್ಟಿಗಾಗಿ ಹೆಂಡತಿಯ ಹೆಡ್‌ಮಿಸ್ಟ್ರೆಸ್‌ಗಿರಿ ತಪ್ಪಿಸಿದೆ ಎಂದರೆ ನಾಳೆ ಮರ್ಯಾದೆ ಉಳಿಯುತ್ತದೆಯೇ? ಇದಕ್ಕೊಂದು ಘನವಾದ ಕಾರಣ ಬೇಕಿತ್ತು. ಹೀಗೆ ತಲೆ ಕೆರೆದುಕೊಳ್ಳುತ್ತಿದ್ದಾಗ ಫಾದರ್ ಇನಾಸರ ಫೋನು ಬಂತು. ಇನಾಸರು ನಮ್ಮ ಚರ್ಚಿನ ಗುರುಗಳು, ವಯಸ್ಸಾದವರು, ಈ ಕಡೆಯವರೇ. ಭಾನುವಾರದ ಬಲಿಪೂಜೆಯಲ್ಲಿ ಎರಡನೆಯ ವಾಚನ ಓದುವ ಸರದಿ ನನ್ನದೆಂದು ನೆನಪು ಮಾಡಿದರು. ಸಂತ ಪೌಲರ ಪತ್ರದಲ್ಲಿ ಗಂಡ ಹೆಂಡಿರ ಕುರಿತು ಬರುವ ಭಾಗ ಅದು.

ಫೋನು ಹಿಡಿದುಕೊಂಡೇ ನಾನು ಮನಸ್ಸಿನಲ್ಲಿ ಶಿಲುಬೆಯ ಗುರುತು ಹಾಕಿಕೊಂಡೆ. ಹೆಂಡತಿಯರು ಗಂಡಂದಿರಿಗೆ ಅಧೀನರಾಗಿರಬೇಕೆಂಬ ಮಾತು ಬರುವುದು ಅಲ್ಲಿಯೇ ಅಲ್ಲವೇ? ಚಿಕ್ಕಂದಿನಿಂದ ಕೇಳಿದ್ದೇನೆ. ಅದೊಂದು ಮಾತು ಬಿಟ್ಟು ಆ ಪತ್ರದ ಬೇರೊಂದು ಮಾತೂ ನನ್ನ ನೆನಪಿನಲ್ಲಿಲ್ಲ.

ಫಾದರ್ ಇನ್ನೂ ಮಾತಾಡುತ್ತಿದ್ದರು. "ಆ ವಾಚನಕ್ಕ ಎರಡು ರೂಪ ಐತ್ರಿ. ಒಂದು ಪೂರ್ತಿ, ಒಂದು ಚಿಕ್ಕದು. ಹೆಣ್ಣಮಕ್ಕಳು ಬ್ಯಾಸರ ಮಾಡಕೋತಾರಂತ ಎಷ್ಟೋ ಕಡೆ ಚಿಕ್ಕದನ್ನ ಓದತಾರ. ನಿಮಗ ಯಾವುದು ಬೇಕು ಅದನ್ನ ಓದ್ರಿ."

"ಫಾದರ್," ಎಂದೆ ನಾನು, ಗಂಟಲಲ್ಲಿ ಸರ್ಟಿಫಿಕೇಟಿನ ಗಾಂಭೀರ್ಯ ತಂದುಕೊಂಡು, "ದೇವರ ವಾಕ್ಯಾನ ನಾವು ಯಾರರೀ ಕತ್ತರಿಸಾಕ? ಪೂರ್ತಿನ ಓದತೇನಿ."

"ಬಾಳ ಛಲೋ. ಪೂರ್ತಿ ಓದ್ರಿ," ಎಂದು ಫೋನಿಟ್ಟರು.

ಅಭ್ಯಾಸಕ್ಕೆಂದು ಶುಕ್ರವಾರವೇ ಚರ್ಚಿಗೆ ಹೋಗಿ, ವಾಚನಗ್ರಂಥದ ಆ ಪುಟವನ್ನು ಝರಾಕ್ಸ್ ಮಾಡಿಸಿಕೊಂಡು ಬಂದೆ. ಪುಟದ ಕೆಳಭಾಗದಲ್ಲಿ ಆ ವಾಚನ ಶುರುವಾಗುತ್ತದೆ. ದೇವರಿಗೆ ಅಂಜಿ ಒಬ್ಬರಿಗೊಬ್ಬರು ತಗ್ಗಿ ನಡೆಯಿರಿ ಎಂಬರ್ಥದ ಒಂದು ಸಾಲು ಮೊದಲು. ಇದೇನೋ ಪೀಠಿಕೆಯೆಂದು ಅದನ್ನು ಗಂಟಲು ಸರಿಮಾಡಿಕೊಳ್ಳಲು ಬಳಸಿಕೊಳ್ಳುವುದೆಂದು ತೀರ್ಮಾನಿಸಿದೆ. ಆಮೇಲೆ ಹೆಂಡತಿಯರ ವಿಷಯ. ಗಂಡ ಶಿರಸ್ಸು, ಹೆಂಡತಿ ಎಲ್ಲದರಲ್ಲೂ ಅವನ ಮಾತಿನಂತೆ ನಡೆಯಲಿ ಎಂಬಲ್ಲಿಗೆ ಪುಟ ಮುಗಿಯುತ್ತಿತ್ತು. ಹಾಳೆಯ ಹಿಂಬದಿಯನ್ನು ಝರಾಕ್ಸ್ ಮಾಡಿಸಲಿಲ್ಲವೇಕೆ ಎಂದು ನೀವು ಕೇಳಬಹುದು. ಕರೆಂಟು ಹೋಯಿತೆಂದು ನಾನು ಆಗ ನನಗೇ ಹೇಳಿಕೊಂಡದ್ದುಂಟು. ಕರೆಂಟು ಹೋದದ್ದು ನಾನು ಅಂಗಡಿ ಬಿಟ್ಟು ಹೊರಬಂದ ಮೇಲೆ.

ಶನಿವಾರವಿಡೀ ಅಭ್ಯಾಸ ನಡೆಯಿತು. ಹಿತ್ತಲ ಬಾಗಿಲಲ್ಲಿ ನಿಂತು, ಅಡುಗೆಮನೆಯ ಕಿಟಕಿಗೆ ಸರಿಯಾಗಿ ಮುಖಮಾಡಿ, ಗಟ್ಟಿಯಾಗಿ ಓದಿದೆ. ಮೊದಲ ಸಾಲನ್ನು ಮೂಗಿನಲ್ಲಿ ಗೊಣಗಿ, ಹೆಂಡತಿಯರ ಸಾಲಿಗೆ ಬಂದಾಗ ಎದೆಯಿಂದ ದನಿ ತೆಗೆದೆ. ಒಳಗೆ ಒಗ್ಗರಣೆ ಚಟಪಟ ಅಂದದ್ದು ಬಿಟ್ಟರೆ ಮಾತಿಲ್ಲ. ಪರಿಣಾಮವಾಗುತ್ತಿದೆ ಎಂದುಕೊಂಡು ಮತ್ತೆ ಓದಿದೆ. ಐದಾರು ಸಲ ಓದಿರಬೇಕು. ಪಕ್ಕದ ಮನೆಯ ಕಾಂಪೌಂಡಿನ ಮೇಲೆ ಚನ್ನಬಸಪ್ಪನವರ ರುಮಾಲು ಕಾಣಿಸಿತು. ಅವರು ಹೆಬ್ಬಳ್ಳಿಯವರು, ಇಲ್ಲಿ ಕಾಳುಕಡಿಯ ವ್ಯಾಪಾರ. ಶ್ರಾವಣ ಬಂತೆಂದರೆ ಮಠದಲ್ಲಿ ನಡೆಯುವ ಪುರಾಣಕ್ಕೆ ಒಂದು ದಿನವೂ ತಪ್ಪಿಸುವವರಲ್ಲ.

"ಏನ್ ಸಾಹೇಬ್ರ, ನಿಮ್ಮಲ್ಲೂ ಪುರಾಣ ಹಚ್ಚೀರೇನು?"

"ಹೌದ್ರಿ. ನಾಳೆ ಚರ್ಚಿನ್ಯಾಗ ನಾ ಓದೂದೈತಿ. ಹೆಂಡತಿ ಗಂಡನ ಮಾತು ಮೀರಬಾರದಂತ ನಮ್ಮ ಶಾಸ್ತ್ರದಾಗೂ ಬರದಾರ ನೋಡ್ರಿ," ಎಂದೆ, ಕಿಟಕಿಗೆ ಕೇಳುವ ಹಾಗೆ.

"ಭೇಷ್. ಮುಂದ?"

"ಮುಂದ ಅಂದ್ರ?"

"ಅಲ್ರಿ, ಹೆಂಡತಿಗೆ ಹಿಂಗ ಅಂದ್ರು. ಗಂಡಗ ಏನರ ಅಂದಿರಬೇಕಲ್ಲ? ನಮ್ಮ ಪುರಾಣದ ಸ್ವಾಮಿಗಳು ಒಂದ ಕಡಿ ಮಾತಾಡಿ ಇಳಿಯಂಗಿಲ್ಲ. ನಾ ಒಂದ ದಿನದ್ದು ಅರ್ಧ ಕೇಳಿ ಬಂದು ಮನ್ಯಾಗ ಹೇಳಿದ್ರ ನಮ್ಮಾಕಿ ಬಿಡೂದಿಲ್ಲ, 'ಉಳದದ್ದು ಎಲ್ಲಿ ಬಿಟ್ಟು ಬಂದ್ರಿ?' ಅಂತಾಳ."

"ನಮ್ಮದರಾಗ ಇಷ್ಟ ಐತ್ರಿ," ಎಂದು ನಾನು ಹಾಳೆ ಮಡಚಿದೆ. ಚನ್ನಬಸಪ್ಪನವರು "ಹಂಗಾರ ಸಣ್ಣ ಪುರಾಣ ಅದು," ಎಂದು ಒಳಗೆ ಹೋದರು.

ಭಾನುವಾರ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಚರ್ಚಿಗೆ ಹೋದೆ. ನಮ್ಮ ಚರ್ಚಿನಲ್ಲಿ ಇನ್ನೂ ಹಳೆಯ ಪದ್ಧತಿ. ಗಂಡಸರು ಬಲಕ್ಕೆ, ಹೆಂಗಸರು ಎಡಕ್ಕೆ. ರೀಟಾ ಎಡಗಡೆಯ ಎರಡನೆಯ ಸಾಲಿನಲ್ಲಿ ಕುಳಿತಿದ್ದಳು. ಮೊದಲ ವಾಚನ ಮುಗಿಯಿತು, ಕೀರ್ತನೆ ಮುಗಿಯಿತು. ನಾನು ಎದ್ದು ಪೀಠಕ್ಕೆ ನಮಿಸಿ, ವಾಚನಗ್ರಂಥದ ಮುಂದೆ ನಿಂತು, ಮೈಕನ್ನು ಎರಡು ಸಲ ತಟ್ಟಿದೆ. ಮೊದಲ ಸಾಲಿನಲ್ಲಿ ಗಂಟಲು ಸರಿಮಾಡಿಕೊಂಡೆ. ಹೆಂಡತಿಯರ ಸಾಲಿಗೆ ಬಂದಾಗ ಶನಿವಾರದ ಅಭ್ಯಾಸವೆಲ್ಲ ಕೈಹಿಡಿಯಿತು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ತಲೆಯೆತ್ತಿ ಎಡಗಡೆ ನೋಡಬೇಕು ಎಲ್ಲವೂ ಅಚ್ಚುಕಟ್ಟು. ಪುಟದ ಕೊನೆಯ ಸಾಲು ಬಂತು. 'ಎಲ್ಲದರಲ್ಲೂ' ಎಂಬ ಮಾತನ್ನು ಎಷ್ಟು ಎಳೆದೆನೆಂದರೆ ಅದು ಛಾವಣಿಗೆ ಹೋಗಿ ತಿರುಗಿ ಬಂತು. ಆ ಸುಖದಲ್ಲಿ, ಐದಾರು ಸಲ ಮನೆಯಲ್ಲಿ ಮಾಡಿದ ಹಾಗೆಯೇ, ತಲೆಬಾಗಿಸಿ, ವಾಚನ ಮುಗಿಯಿತೆಂದು ಸಾರುವ ಮಾತನ್ನು ಹೇಳಿಬಿಟ್ಟೆ:

"ಪ್ರಭುವಿನ ವಾಕ್ಯವಿದು."

"ದೇವರಿಗೆ ಕೃತಜ್ಞತೆ ಸಲ್ಲಲಿ!" ಎಂದರು ಬಲಗಡೆಯವರು. ಇಷ್ಟು ವರ್ಷ ಆ ಚರ್ಚಿಗೆ ಹೋಗುತ್ತಿದ್ದೇನೆ, ಗಂಡಸರು ದೇವರಿಗೆ ಅಷ್ಟು ಗಟ್ಟಿಯಾಗಿ ಕೃತಜ್ಞತೆ ಸಲ್ಲಿಸಿದ್ದನ್ನು ನಾನು ಕೇಳಿಯೇ ಇಲ್ಲ. ರಾಯಪ್ಪನ ದನಿಯಂತೂ ಎಲ್ಲರಿಗಿಂತ ಮೇಲಿತ್ತು. ಎಡಗಡೆ ಒಂದು ಕೆಮ್ಮು ಕೇಳಿಸಿತು, ಅಷ್ಟೆ. ನಾನು ಗ್ರಂಥ ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದೆ.

ಹಿಂದಿನಿಂದ ಫಾದರ್ ಇನಾಸರ ದನಿ ಬಂತು. ಕುರ್ಚಿಯಲ್ಲಿ ಕುಳಿತಲ್ಲಿಂದಲೇ, ಸಿಟ್ಟೂ ಇಲ್ಲದೆ ನಗುವೂ ಇಲ್ಲದೆ, ಮಗುವಿಗೆ ಹೇಳುವ ಹಾಗೆ ಹೇಳಿದರು:

"ಪುಟಾ ತಿರುವ್ರಿ."

ಮೈಕು ಇನ್ನೂ ಚಾಲೂ ಇತ್ತು. ಇಡೀ ಚರ್ಚಿಗೆ ಕೇಳಿಸಿತು. ಮೊದಲು ಒಂದು ಹೆಂಗಸು ಸೆರಗಿನಲ್ಲಿ ನಕ್ಕಳು. ಆಮೇಲೆ ಎಡಗಡೆ ಪೂರ್ತಿ. ಕೊನೆಗೆ ಆ ಬಲಗಡೆಯ ದ್ರೋಹಿಗಳೂ ನಕ್ಕರು, ರಾಯಪ್ಪನೂ ಸೇರಿದ ಹಾಗೆ.

ಪುಟ ತಿರುವಿದೆ. ಅಯ್ಯೋ ದೇವರೆ, ಆ ಪುಟದಲ್ಲಿ ಇದ್ದದ್ದೆಲ್ಲ ಗಂಡಂದಿರಿಗೇ. ಹೆಂಡತಿಗೆ ಹೇಳಿದ್ದು ಮೂರೋ ನಾಲ್ಕೋ ಸಾಲು, ಗಂಡನಿಗೆ ಅದರ ಎರಡು ಪಟ್ಟು. ಕ್ರಿಸ್ತರು ಧರ್ಮಸಭೆಯನ್ನು ಹೇಗೆ ಪ್ರೀತಿಸಿ ಅದಕ್ಕಾಗಿ ತಮ್ಮನ್ನೇ ಕೊಟ್ಟುಕೊಂಡರೋ ಹಾಗೆ ಹೆಂಡತಿಯನ್ನು ಪ್ರೀತಿಸು. ನಿನ್ನ ಸ್ವಂತ ಮೈಯನ್ನು ಉಣಿಸಿ ತಿನಿಸಿ ಜೋಪಾನ ಮಾಡಿಕೊಳ್ಳುವ ಹಾಗೆ ಆಕೆಯನ್ನು ನೋಡಿಕೋ, ಹೀಗೆ ಸಾಲಿನ ಮೇಲೆ ಸಾಲು. ಉಣಿಸುವ ಸಾಲನ್ನು ತಪ್ಪಿ ಎರಡು ಸಲ ಓದಿದೆ. ಉಣಿಸುವುದು ನಾನೆಂದು ಬರೆದಿದೆ. ಹಿಂದೆ ಮುಂದೆ ನೋಡಿದರೂ, ಹಿನ್ನೆಲೆ ಕೆದಕಿದರೂ, ಪತ್ರವನ್ನು ಪತ್ರವಾಗಿ ಓದಿದರೂ ಅದು ನಾನೇ. ಹುಬ್ಬಳ್ಳಿಗೆ ಹೋಗುವಷ್ಟು ಉದ್ದವಾಗಿತ್ತು ಆ ಪುಟ. ಓದುತ್ತ ಓದುತ್ತ ಒಂದು ಸಲ ತಲೆಯೆತ್ತಿದೆ. ರೀಟಾ ನಗುತ್ತಿರಲಿಲ್ಲ. ಎಲ್ಲರೂ ನಗುವಾಗ ಆಕೆಯೊಬ್ಬಳು ತೊಡೆಯ ಮೇಲಿನ ಬ್ಯಾಗು ಗಟ್ಟಿಯಾಗಿ ಹಿಡಿದುಕೊಂಡು, ಜೀವನದಲ್ಲಿ ಮೊದಲ ಬಾರಿಗೆ ಆ ವಾಚನ ಕೇಳುತ್ತಿರುವಂತೆ ನನ್ನನ್ನೇ ನೋಡುತ್ತಿದ್ದಳು.

ಅಂದಿನ ಪ್ರಬೋಧನೆಯಲ್ಲಿ ಫಾದರ್ ನನ್ನ ಹೆಸರೆತ್ತಲಿಲ್ಲ. ಅದು ಅವರ ದೊಡ್ಡತನ. ಅವರು ಅಂದದ್ದು ಇಷ್ಟು: "ಆ ಕಾಲದಾಗ ಹೆಂಡತಿ ತಗ್ಗಿ ನಡೀಬೇಕು ಅನ್ನೋದು ಯಾರಿಗೂ ಹೊಸಾ ಮಾತಲ್ಲ. ಊರು ತುಂಬ ಎಲ್ಲಾರೂ ಅದನ್ನ ಹೇಳತಿದ್ರು. ಗಂಡಗ 'ನೀ ಅಕಿಗೋಸ್ಕರ ನಿನ್ನ ಕೊಡು' ಅಂದದ್ದು ಹೊಸಾದು. 'ಒಬ್ಬರಿಗೊಬ್ಬರು ತಗ್ಗಿ ನಡೀರಿ' ಅಂತ ಶುರು ಮಾಡಿದ್ದು ಇನ್ನೂ ಹೊಸಾದು. ಪತ್ರ ಬರದಾಂವ ಹೊಸಾ ಸುದ್ದಿ ಹೇಳಾಕ ಬರದಾನ. ನಾವು ಹಳೇ ಸುದ್ದಿ ಅಷ್ಟ ಓದಿ, ದೇವರಿಗೆ ಕೃತಜ್ಞತೆ ಹೇಳಿ, ಪುಸ್ತಕ ಮುಚ್ಚತೇವಿ." ಎಡಗಡೆಯವರು ಚಪ್ಪಾಳೆ ತಟ್ಟದೆ ಉಳಿದದ್ದು ಅದು ಚರ್ಚು ಎಂಬ ಒಂದೇ ಕಾರಣಕ್ಕೆ.

ಮನೆಗೆ ಬಂದ ಮೇಲೆ ರೀಟಾ ಕುರ್ಚಿಯ ಮೇಲೆ ಕುಳಿತು, ಬ್ಯಾಗು ತೆರೆದು, ಮಡಚಿದ ಒಂದು ಕಾಗದ ತೆಗೆದು ನನ್ನ ಕೈಗಿಟ್ಟಳು. ಸಂಸ್ಥೆಯ ಅಧ್ಯಕ್ಷರಿಗೆ ಬರೆದದ್ದು. ಚಂದದ ಗುಂಡಗಿನ ಅಕ್ಷರ. ಮನೆಯ ಜವಾಬ್ದಾರಿಯ ಕಾರಣದಿಂದ ಮುಖ್ಯೋಪಾಧ್ಯಾಯಿನಿಯ ಹುದ್ದೆಯನ್ನು ಒಪ್ಪಿಕೊಳ್ಳಲು ಆಗುತ್ತಿಲ್ಲ, ಕ್ಷಮಿಸಬೇಕು ಎಂದಿತ್ತು. ಕೆಳಗೆ ಶನಿವಾರದ ತಾರೀಖು, ಆಕೆಯ ಸಹಿ.

"ನಿನ್ನೆ ನೀವು ಹಿತ್ತಲದಾಗ ನಿಂತು ಓದಾಕತ್ತಿದ್ರಲ್ಲ," ಎಂದಳು, "ಮೂರನೇ ಸಲಕ್ಕ ಒಗ್ಗರಣಿ ಇಳಿಸಿ ಇದನ್ನ ಬರದೆ. ಮನಿಯಾವರ ಮನಸಿನ್ಯಾಗ ಇಲ್ಲ ಅಂದ ಮ್ಯಾಲೆ ಏನು ಮಾಡೂದಂತ."

ನನಗೆ ನಾಚಿಕೆಯಾಯಿತು. ಚರ್ಚಿನಲ್ಲಿ ಎಲ್ಲರೂ ನಕ್ಕಾಗ ಆದದ್ದು ಅವಮಾನ, ಅದು ಬೇರೆ, ಇದು ನಾಚಿಕೆ. ಇಪ್ಪತ್ತೇಳು ವರ್ಷದಲ್ಲಿ ಈ ಹೆಣ್ಣು ತನಗಾಗಿ ಕೇಳಿದ್ದು ಇದೊಂದೇ. ಅದನ್ನು ನಾನು ನಾಲ್ಕು ರೊಟ್ಟಿಗಾಗಿ, ಅದೂ ದೇವರ ವಾಕ್ಯವನ್ನು ಹರಿದು ಅರ್ಧ ಮಾಡಿ, ಕಸಿದುಕೊಳ್ಳಲು ಹೊರಟಿದ್ದೆ. ಕಣ್ಣಲ್ಲಿ ನೀರೂ ಬಂತು. ನೀರು ಬಂದಾಗ ನನಗೆ ದೊಡ್ಡ ಮಾತಾಡುವ ಚಟ.

"ರೀಟಾ," ಎಂದೆ, "ಅದರಾಗ ಬರದಂಗ, ನಿನಗೋಸ್ಕರ ಪ್ರಾಣಾ ಬೇಕಾದ್ರೂ ಕೊಡತೇನಿ."

ಆಕೆ ನನ್ನ ಕೈಯಿಂದ ಕಾಗದ ತೆಗೆದುಕೊಂಡು ಉದ್ದಕ್ಕೊಂದು ಸಲ, ಅಡ್ಡಕ್ಕೊಂದು ಸಲ ಹರಿದಳು.

"ಪ್ರಾಣಾ ನೀವ ಇಟಗೋರಿ," ಎಂದಳು. "ಮುಂಜಾನಿ ಆರಕ್ಕ ನಾಕು ರೊಟ್ಟಿ ಬಡದು ಕೊಡ್ರಿ, ಸಾಕು."

ಪ್ರಾಣ ಕೊಡುವುದು ಎಷ್ಟು ಸುಲಭ ಎಂಬುದು ನನಗೆ ಅರಿವಾದದ್ದು ಆಕೆ ಒಪ್ಪಿಗೆ ಬರೆದುಕೊಟ್ಟು ಹುಬ್ಬಳ್ಳಿಗೆ ಹೊರಟ ದಿನದಿಂದ. ಅದನ್ನು ಯಾರೂ ಕೇಳುವುದಿಲ್ಲ. ಕೇಳಿದರೂ ಒಂದೇ ಸಲ ಕೊಡಬೇಕು. ರೊಟ್ಟಿಯನ್ನು ದಿನಾ ಕೊಡಬೇಕು. ಜೋಳದ ಹಿಟ್ಟಿಗೆ ಎಸರು ಹೆಚ್ಚಾದರೆ ಅದು ಕೈಗೇ ಮೆತ್ತಿಕೊಳ್ಳುತ್ತದೆ, ಕಡಿಮೆಯಾದರೆ ಬಡಿಯುವಾಗಲೇ ಬಿರಿಯುತ್ತದೆ. ನನ್ನ ಮೊದಲ ರೊಟ್ಟಿ ತವೆಗೆ ಹೋಗುವ ದಾರಿಯಲ್ಲೇ ಮೂರು ಭಾಗವಾಯಿತು. ಎರಡನೆಯದಕ್ಕೆ ಒಂದು ಮೂಲೆಯಲ್ಲಿ ದಪ್ಪ, ಇನ್ನೊಂದು ಮೂಲೆಯಲ್ಲಿ ತೂತು. ರೊಟ್ಟಿಗೆ ಮೂಲೆಗಳಿರಬಾರದೆಂದು ಆಮೇಲೆ ತಿಳಿಯಿತು. ರೀಟಾ ಮೊದಲ ದಿನ ಅದನ್ನೇ ಡಬ್ಬಿಗೆ ಹಾಕಿಕೊಂಡು, ಏನೂ ಅನ್ನದೆ, ಬಸ್ಸಿಗೆ ಹೋದಳು. ಗಣಿತದ ಅಕ್ಕೋರಲ್ಲವೇ, ವೃತ್ತ ಯಾವುದು, ಅಲ್ಲದ್ದು ಯಾವುದು ಎಂದು ಹೇಳದೆ ಬಾಯಿ ಕಟ್ಟಿಕೊಳ್ಳುವುದು ಆಕೆಗೆ ಎಷ್ಟು ಕಷ್ಟವಾಗಿರಬೇಕು.

ಎರಡು ತಿಂಗಳಲ್ಲಿ ಕೈ ಕುದುರಿತು. ಈಗ ನನ್ನ ರೊಟ್ಟಿ ಉಬ್ಬುತ್ತದೆ. ಪಟಪಟ ಸಪ್ಪಳ ಗೋಡೆಯಾಚೆಗೂ ಕೇಳುತ್ತದೆ. ಚನ್ನಬಸಪ್ಪನವರು ಕಾಂಪೌಂಡಿನ ಮೇಲಿಂದ "ಸಾಹೇಬ್ರ, ಮೆಲ್ಲಕ ಬಡೀರಿ, ನಮ್ಮಾಕಿ ಕೇಳಿಸಿಕೊಂಡು ನನ್ನ ಮಾರಿ ನೋಡಾಕತ್ತಾಳ," ಎಂದು ಕೈಮುಗಿಯುತ್ತಾರೆ. ಭಾನುವಾರ ಚರ್ಚಿನಿಂದ ಹೊರಬರುವಾಗ ಎಡಗಡೆಯವರೆಲ್ಲ ನನ್ನ ಸುತ್ತ. 'ರೀಟಾ ಅಕ್ಕೋರು ಪುಣ್ಯಾ ಮಾಡ್ಯಾರ, ಇಂಥಾ ಗಂಡ ಯಾರಿಗೆ ಸಿಗತಾನ!' ಎಂದು ಒಬ್ಬರು, 'ವಾಕ್ಯಾ ಓದಿದ್ರ ಹಿಂಗ ನಡೀಬೇಕು ನೋಡ್ರಿ' ಎಂದು ಇನ್ನೊಬ್ಬರು. ಪ್ರಾರ್ಥನಾಕೂಟದಲ್ಲಿ ಫಾದರ್ ನನ್ನಿಂದ ಸಾಕ್ಷ್ಯ ಹೇಳಿಸಿದರು. ನಾನು ಹಿಟ್ಟು ನಾದುವುದರಿಂದ ಹಿಡಿದು ತವೆ ಇಳಿಸುವವರೆಗೆ, ಮಧ್ಯೆ ಮಧ್ಯೆ ಸಂತ ಪೌಲರನ್ನು ತಂದು, ಅರ್ಧ ತಾಸು ಮಾತಾಡಿದೆ. ರಾಯಪ್ಪ ಕಣ್ಣೊರೆಸಿಕೊಂಡ. ದೇವರ ವಾಕ್ಯವನ್ನು ಪೂರ್ತಿಯಾಗಿ ಓದಿ, ನನಗೇ ಹೇಳಿದ್ದೆಂದು ತಿಳಿದು, ಅದರಂತೆ ನಡೆದ ಮೊದಲ ಕಥೋಲಿಕನು ಧಾರವಾಡದಲ್ಲಿ ನಾನೇ ಎಂಬ ಭಾವನೆ ಮೆಲ್ಲಗೆ ನನ್ನಲ್ಲಿ ಬೇರೂರಿತು. ಇಂಥದ್ದನ್ನು ನಾಲ್ಕು ಜನ ಓದಲಿ, ನಾಲ್ಕು ಗಂಡಸರಾದರೂ ತಿದ್ದಿಕೊಳ್ಳಲಿ ಎಂಬ ಸದುದ್ದೇಶದಿಂದಲೇ ಈ ಪ್ರಬಂಧವನ್ನು ಬರೆಯಲು ಕುಳಿತದ್ದು.

ಬರೆದು ಮುಗಿಸಿ ರೀಟಾಳ ಕೈಗೆ ಕೊಟ್ಟೆ. ಆಗಷ್ಟೇ ಹುಬ್ಬಳ್ಳಿಯಿಂದ ಬಂದು ಕುಳಿತಿದ್ದಳು. ಕನ್ನಡಕ ಹಾಕಿಕೊಂಡು, ಪರೀಕ್ಷೆಯ ಪತ್ರಿಕೆ ನೋಡುವ ಹಾಗೆ, ಮೊದಲ ಸಾಲಿನಿಂದ ಕೊನೆಯವರೆಗೆ ಒಂದು ಮಾತೂ ಬಿಡದೆ ಓದಿದಳು. ಎರಡು ಕಡೆ ನಕ್ಕಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೊಗಳಿಕೆಗೆ ಕಾಯುತ್ತಿದ್ದೆ.

"ಛಲೋ ಬರದೀರಿ," ಎಂದಳು ಹಾಳೆಗಳನ್ನು ಜೋಡಿಸುತ್ತ. "ಒಂದ ಕೇಳತೇನಿ, ಬ್ಯಾಸರ ಮಾಡಕೋಬ್ಯಾಡ್ರಿ. ಎರಡು ತಿಂಗಳಾತು, ನಾ ಅಲ್ಲಿ ಹೋಗಿ ಏನು ಮಾಡಾಕತ್ತೇನಿ, ಸಾಲಿ ಹೆಂಗ ನಡದೈತಿ, ಅದು ಇದರಾಗ ಎಲ್ಲಿ ಬರತೈತ್ರಿ?"

ಹಾಳೆಗಳನ್ನು ತೆಗೆದುಕೊಂಡು ಹುಡುಕಿದೆ. ನನ್ನ ರೊಟ್ಟಿ ಎಲ್ಲ ಕಡೆ ಇತ್ತು. ಆಕೆಯ ಶಾಲೆಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಬರೆಯೋಣವೆಂದು ಪೆನ್ನು ತೆಗೆದೆ. ಈ ಎರಡು ತಿಂಗಳಲ್ಲಿ ನಾನು ಆಕೆಯನ್ನು ಅದರ ಬಗ್ಗೆ ಒಂದು ಸಲವೂ ಕೇಳಿರಲಿಲ್ಲ ಎಂಬುದು ಆಗ ಹೊಳೆಯಿತು.